ಬೀಗದ ಕೈ ಯಾರ ಹತ್ತಿರ ಇದೆ?

ಕಳೆದ ತಿಂಗಳು ನಮ್ಮ ಜಿಲ್ಲೆಯ ಒಂದು ಸಾಹಿತ್ಯ ಗೋಷ್ಠಿಗೆ ಹೋಗಿದ್ದೆ. ಊಟಕ್ಕೆ ಮುಂಚಿನ ಕೊನೆಯ ಭಾಷಣ. ಮಾತಾಡಿದವರು ಹಿರಿಯ ಕವಿಗಳು, ನಾನು ಪ್ರೀತಿಯಿಂದ ಓದಿದವರು. ಅವರು ಹೇಳಿದ್ದರ ಸಾರ ಇಷ್ಟು: ಮಕ್ಕಳ ಕೈಗೆ ಪರದೆ ಕೊಟ್ಟು ನಾವು ಅವರಿಂದ ಚಂದ್ರನನ್ನು ಕಿತ್ತುಕೊಂಡಿದ್ದೇವೆ. ಅಂಗಳದಲ್ಲಿ ಅಜ್ಜಿಯ ತೊಡೆಯ ಮೇಲೆ ಮಲಗಿ ನಕ್ಷತ್ರ ನೋಡಿದ ಮಗುವಿಗಿದ್ದ ಬೆರಗು, ಕಂಪ್ಯೂಟರಿನಲ್ಲಿ ಗ್ರಹ ತಿರುಗಿಸುವ ಮಗುವಿಗೆ ಇರಲು ಸಾಧ್ಯವಿಲ್ಲ. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ, ಯಾಕೆ ತಟ್ಟಿದೆ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು.

ನಾನು ಇಪ್ಪತ್ತೆರಡು ವರ್ಷಗಳಿಂದ ಶಿವಮೊಗ್ಗ ಸೀಮೆಯ ಹಳ್ಳಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಹೇಳಿಕೊಂಡು ಬಂದಿರುವ ಮೇಷ್ಟ್ರು. ಸಮಾಜ ವಿಜ್ಞಾನದ ಹುದ್ದೆ ಖಾಲಿ ಇದ್ದಾಗೆಲ್ಲ ಭೂಗೋಳದ ಪಿರಿಯಡ್ಡೂ ನನ್ನ ತಲೆಗೇ ಬಂದಿದೆ. ಆಕಾಶ, ಭೂಮಿ ಎರಡನ್ನೂ ಪಾಠ ಮಾಡಿದವನು. ಆ ಅನುಭವದ ಮೇಲೆ ಹೇಳುತ್ತೇನೆ: ಕವಿಗಳ ಮಾತು ತಪ್ಪು. ಅಷ್ಟೇ ಅಲ್ಲ, ಅವರಿಗೆ ವಿರುದ್ಧವಾಗಿ ನಿಂತು 'ಎಲ್ಲ ಶಾಲೆಗೂ ಸ್ಮಾರ್ಟ್ ಬೋರ್ಡ್ ಹಾಕಿಬಿಟ್ಟರೆ ವಿಜ್ಞಾನ ತಾನಾಗಿ ಬರುತ್ತದೆ' ಅನ್ನುವವರ ಮಾತೂ ತಪ್ಪು. ಇಬ್ಬರೂ ಪರದೆಯ ಬಗ್ಗೆ ಜಗಳ ಆಡುತ್ತಿದ್ದಾರೆ. ಪರದೆಯ ಮುಂದೆ ಕೂತ ಮಗುವಿನ ಕೈ ಏನು ಮಾಡುತ್ತಿದೆ ಅಂತ ಇಬ್ಬರೂ ಕೇಳುವುದಿಲ್ಲ.

ಮೊದಲು ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಕೆಲಸಕ್ಕೆ ಸೇರಿದ ಮೂರೋ ನಾಲ್ಕೋ ವರ್ಷದ ಮಾತು. ಜೂನ್ ತಿಂಗಳು. ಹೊರಗೆ ಹೆಂಚಿನ ಮೇಲೆ ಮಳೆ ಬಡಿಯುತ್ತಿತ್ತು, ನಾನು ಒಳಗೆ ಋತುಗಳ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಉದ್ದನೆಯ ಮೊಟ್ಟೆಯಂಥ ಒಂದು ಗೆರೆ ಎಳೆದು, ನಡುವೆ ಸೂರ್ಯನನ್ನಿಟ್ಟು, ನಾಲ್ಕು ಕಡೆ ನಾಲ್ಕು ಭೂಮಿ ಬರೆದು, "ಜೂನ್ 21, ಉತ್ತರಾರ್ಧ ಗೋಳದಲ್ಲಿ ಬೇಸಿಗೆ" ಅಂದೆ. ಎರಡನೇ ಸಾಲಿನ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: "ಸಾರ್, ನಾವು ಇರೋದು ಉತ್ತರಾರ್ಧ ಗೋಳದಲ್ಲೇ ಅಲ್ವಾ? ಜೂನ್ 21ಕ್ಕೆ ನಮ್ಮಲ್ಲಿ ಆರಿದ್ರಾ ಮಳೆ ಹೊಡೀತಿರುತ್ತದಲ್ಲ? ಬೇಸಿಗೆ ಏಪ್ರಿಲ್‌ಗೇ ಮುಗೀತಲ್ಲ?"

ತರಗತಿ ನಕ್ಕಿತು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳುವ ಧೈರ್ಯವೂ ಇರಲಿಲ್ಲ. "ಪರೀಕ್ಷೇಲಿ ಪುಸ್ತಕದಲ್ಲಿರೋದನ್ನ ಬರೀಬೇಕಮ್ಮ, ನಿಮ್ಮಜ್ಜಿ ಹೇಳಿದ್ದನ್ನಲ್ಲ" ಅಂದೆ. ಅವಳು ಕೂತಳು. ಆ ವರ್ಷವಿಡೀ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಪರೀಕ್ಷೆಯಲ್ಲಿ ಜೂನ್ 21 ಬೇಸಿಗೆ ಅಂತ ಸರಿಯಾಗಿ ಬರೆದು ಪೂರ್ತಿ ಅಂಕ ತೆಗೆದುಕೊಂಡಳು.

ಆವತ್ತು ತಪ್ಪಿದ್ದು ಅವಳಲ್ಲ, ನಾನು. ಒಂದಲ್ಲ, ಎರಡು ತಪ್ಪು.

ಮೊದಲನೆಯದು ನಾನು ಎಳೆದ ಮೊಟ್ಟೆ. ಭೂಮಿಯ ಕಕ್ಷೆ ದೀರ್ಘವೃತ್ತ ಅನ್ನುವುದು ನಿಜ. ಆದರೆ ಎಷ್ಟು ದೀರ್ಘ? ಆ ಕಕ್ಷೆಯನ್ನು ಒಂದು ಮೀಟರ್ ಅಗಲಕ್ಕೆ ಬೋರ್ಡಿನ ಮೇಲೆ ಬರೆದರೆ ಅದರ ಉದ್ದಕ್ಕೂ ಅಡ್ಡಕ್ಕೂ ಇರುವ ವ್ಯತ್ಯಾಸ ಒಂದು ಮಿಲಿಮೀಟರಿನ ಏಳನೇ ಒಂದು ಭಾಗ. ಸೀಮೆಸುಣ್ಣದ ಗೆರೆಯೇ ಅದಕ್ಕಿಂತ ದಪ್ಪ. ನಾನು ಎಳೆದ ಮೊಟ್ಟೆ ನೋಡಿದ ಮಗು ಏನು ತಿಳಿಯುತ್ತದೆ? ಭೂಮಿ ಸೂರ್ಯನ ಹತ್ತಿರ ಹೋದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ ಅಂತ. ವಾಸ್ತವದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ. ಅತಿ ದೂರ ಹೋಗುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ ಕಿಲೋಮೀಟರ್. ಋತುಗಳಾಗುವುದು ಭೂಮಿಯ ಅಕ್ಷ 23.5 ಡಿಗ್ರಿ ವಾಲಿಕೊಂಡಿರುವುದರಿಂದ.

ಇದು ಹಳ್ಳಿ ಮೇಷ್ಟ್ರ ದಡ್ಡತನ ಮಾತ್ರ ಅಂದುಕೊಳ್ಳಬೇಡಿ. 1987ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವದ ದಿನ ಕ್ಯಾಮೆರಾ ಹಿಡಿದು ಇಂಥ ಪ್ರಶ್ನೆ ಕೇಳಿದರು. ಋತುಗಳು ಯಾಕೆ ಬದಲಾಗುತ್ತವೆ, ಚಂದ್ರ ಯಾಕೆ ಕ್ಷೀಣಿಸಿ ಬೆಳೆಯುತ್ತಾನೆ ಎಂದು. ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು, ಅಧ್ಯಾಪಕರು ಸೇರಿ 23 ಜನರಲ್ಲಿ 21 ಜನ ತಪ್ಪು ಹೇಳಿದರು. 'ಎ ಪ್ರೈವೇಟ್ ಯೂನಿವರ್ಸ್' ಎಂಬ ಆ ಚಿತ್ರವನ್ನು ಜಗತ್ತಿನ ಎಷ್ಟೋ ಶಿಕ್ಷಕರು ನೋಡಿದ್ದಾರೆ. ಗೌನು ಹಾಕಿಕೊಂಡು, ನಗುತ್ತಾ, ಪೂರ್ತಿ ವಿಶ್ವಾಸದಿಂದ 'ಸೂರ್ಯನ ಹತ್ತಿರ ಹೋದಾಗ ಸೆಕೆ' ಅನ್ನುವ ಮುಖಗಳು. ಅವರೂ ಯಾವುದೋ ಬೋರ್ಡಿನ ಮೇಲೆ ಯಾವುದೋ ಮೇಷ್ಟ್ರು ಎಳೆದ ಮೊಟ್ಟೆ ನೋಡಿಯೇ ಬೆಳೆದಿರಬೇಕು.

ನನ್ನ ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಲಂಡನ್ನಿನ ಋತುವನ್ನು ಶಿವಮೊಗ್ಗದ ಹುಡುಗಿಗೆ ಹೇಳಿ, ಅವಳ ಮೈಗೆ ಗೊತ್ತಿದ್ದ ಋತುವನ್ನು ಸುಳ್ಳು ಮಾಡಿದೆ. ಲಂಡನ್ನಿನಲ್ಲಿ ಜೂನ್‌ನ ಹಗಲಿಗೂ ಡಿಸೆಂಬರಿನ ಹಗಲಿಗೂ ಎಂಟೂಮುಕ್ಕಾಲು ಗಂಟೆಯ ವ್ಯತ್ಯಾಸ. ನಮ್ಮಲ್ಲಿ ಸುಮಾರು ಒಂದು ಗಂಟೆ ನಲವತ್ತು ನಿಮಿಷ. ನಮ್ಮ ನೆತ್ತಿಯ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ಬರುತ್ತಾನೆ: ಶಿವಮೊಗ್ಗದಲ್ಲಿ ಏಪ್ರಿಲ್ 27ರ ಸುಮಾರಿಗೆ ಒಮ್ಮೆ, ಆಗಸ್ಟ್ 15ರ ಸುಮಾರಿಗೆ ಇನ್ನೊಮ್ಮೆ. ಏಪ್ರಿಲ್‌ನಲ್ಲಿ ನೆಲ ಒಣಗಿರುತ್ತದೆ, ಆಕಾಶ ಬಿಚ್ಚಿರುತ್ತದೆ, ಬಿಸಿಲು ಸುಡುತ್ತದೆ. ಜೂನ್ ಹೊತ್ತಿಗೆ ಮುಂಗಾರಿನ ಮೋಡ ಬಂದು ಅದೇ ಬಿಸಿಲನ್ನು ಮೇಲೆಯೇ ತಡೆಯುತ್ತದೆ, ನೆಲ ಒದ್ದೆಯಾಗಿ ತಣಿಯುತ್ತದೆ. ಹುಡುಗಿ ಹೇಳಿದ್ದು ನೂರಕ್ಕೆ ನೂರು ಸರಿ. ಬೇಸಿಗೆ ಏಪ್ರಿಲ್‌ಗೇ ಮುಗಿಯುತ್ತಾ ಬಂದಿತ್ತು.

ಇದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ಸುಮಾರು ಹತ್ತು ವರ್ಷದ ನಂತರ, ಸ್ಟೆಲೇರಿಯಂ ಎಂಬ ತಂತ್ರಾಂಶವನ್ನು ನನ್ನ ಹಳೆಯ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಊರು ಶಿವಮೊಗ್ಗ ಅಂತ ಕೊಟ್ಟು, ಹೊತ್ತು ಮಧ್ಯಾಹ್ನಕ್ಕೆ ನಿಲ್ಲಿಸಿ, ದಿನಾಂಕವನ್ನು ಮಾತ್ರ ಒಂದೊಂದಾಗಿ ಮುಂದೂಡುತ್ತಾ ಕೂತಾಗ. ಸೂರ್ಯ ಮೆಲ್ಲಗೆ ಉತ್ತರಕ್ಕೆ ಸರಿಯುತ್ತಾ ಏಪ್ರಿಲ್ ಕೊನೆಗೆ ನೆತ್ತಿ ದಾಟಿ ಆ ಕಡೆ ಹೋಗಿಬಿಟ್ಟ. ನಾನು ಬೆಚ್ಚಿದೆ. ಮೇ, ಜೂನ್, ಜುಲೈನಲ್ಲಿ ನಮ್ಮ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ! ಹುಟ್ಟಿದಾಗಿನಿಂದ ಅದೇ ನೆರಳನ್ನು ತುಳಿದುಕೊಂಡು ಓಡಾಡಿದವನು ನಾನು.

ಈಗ ಕವಿಗಳ ಮಾತಿಗೆ ಬರುತ್ತೇನೆ. 'ಮಕ್ಕಳಿಗೆ ಪರದೆ ಬೇಡ, ನಿಜವಾದ ಆಕಾಶ ತೋರಿಸಿ' ಅನ್ನುತ್ತಾರೆ. ಸ್ವಾಮಿ, ಶಾಲೆ ನಡೆಯುವುದು ಹಗಲಲ್ಲಿ. ಶಾಲೆ ಶುರುವಾಗುವ ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಕಡೆ ರಾತ್ರಿಯಲ್ಲೂ ಆಕಾಶ ಕಾಣುವ ದಿನ ಬೆರಳೆಣಿಕೆಯಷ್ಟು. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಚಂದ್ರ ಎಷ್ಟು ಸರಿದಾನು? ಅವನ ಒಂದು ಸುತ್ತು ನೋಡಲು ತಿಂಗಳು ಬೇಕು, ಸೂರ್ಯನದನ್ನು ನೋಡಲು ವರ್ಷ ಬೇಕು. ನನಗೆ ನಲವತ್ತು ವರ್ಷ ಸಿಕ್ಕಿತ್ತು, ನೆರಳಿನ ದಿಕ್ಕೂ ಕಾಣಲಿಲ್ಲ.

ಇನ್ನೊಂದು ವಿಷಯ. ಬರಿಗಣ್ಣಿನ ಆಕಾಶ ಸುಳ್ಳೂ ಹೇಳುತ್ತದೆ. ದಿನವೂ ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ, ಭೂಮಿ ಮಾತ್ರ ಗಟ್ಟಿಯಾಗಿ ನಿಂತಿದೆ ಅಂತ ಅದು ಹೇಳುತ್ತದೆ. ಆ ಸುಳ್ಳನ್ನು ದಾಟಲು ಆರ್ಯಭಟ ಏನು ಮಾಡಿದ? ಐದನೇ ಶತಮಾನದ ಕೊನೆಯಲ್ಲಿ, ಓದುವವನನ್ನು ಒಂದು ದೋಣಿಯಲ್ಲಿ ಕೂರಿಸಿದ. ದೋಣಿ ಮುಂದೆ ಹೋಗುವಾಗ ದಡದ ಮೇಲಿನ ವಸ್ತುಗಳು ಹಿಂದೆ ಹೋಗುವಂತೆ ಕಾಣುತ್ತವಲ್ಲ, ಹಾಗೆಯೇ ತಿರುಗುವ ಭೂಮಿಯ ಮೇಲಿರುವವನಿಗೆ ನಿಂತ ನಕ್ಷತ್ರಗಳು ಪಶ್ಚಿಮಕ್ಕೆ ಹೋಗುವಂತೆ ಕಾಣುತ್ತವೆ ಎಂದ. ನೋಡುವವನ ಜಾಗವನ್ನು ಬದಲಿಸಿದ ಆ ದೋಣಿಯೇ ಆ ಕಾಲದ ಸಿಮ್ಯುಲೇಶನ್. ಅವನ ಮಾತನ್ನು ಬ್ರಹ್ಮಗುಪ್ತನಂಥ ಮಹಾ ಗಣಿತಜ್ಞ ಕೂಡ ಒಪ್ಪಲಿಲ್ಲ. ಅವನೂ ಅದೇ ನಿಜವಾದ ಆಕಾಶವನ್ನು ನೋಡುತ್ತಿದ್ದವನೇ. ನೋಡಿದರೆ ಸಾಲದು. ಬೇರೆ ಜಾಗದಲ್ಲಿ ನಿಂತು ನೋಡಲು ಬರಬೇಕು. ಆ ಬೇರೆ ಜಾಗಕ್ಕೆ ಒಂದು ಹುಡುಗಿಯನ್ನು ನಮ್ಮೂರಿನಿಂದ ಕರೆದುಕೊಂಡು ಹೋಗುವ ದೋಣಿ ಇವತ್ತು ಪುಕ್ಕಟೆಯಾಗಿ ಸಿಗುತ್ತದೆ. ಅದನ್ನು ಬೆರಗಿನ ಹೆಸರಿನಲ್ಲಿ ಬೇಡ ಅನ್ನುವ ಹಕ್ಕು ಬೆರಗು ಬೇಕಾದಷ್ಟು ಸಿಕ್ಕಿರುವ ನಮಗೆ ಇಲ್ಲ.

ಹಾಗಾದರೆ ಸ್ಮಾರ್ಟ್ ಬೋರ್ಡಿನವರು ಸರಿಯೇ? ಅವರದು ಇನ್ನೊಂದು ಕಥೆ.

ನಾನು ಕೆಲಸ ಮಾಡಿದ ಒಂದು ಶಾಲೆಗೆ ದಾನಿಗಳೊಬ್ಬರು ಸ್ಮಾರ್ಟ್ ಬೋರ್ಡ್ ಕೊಟ್ಟರು. ರಿಬ್ಬನ್ ಕತ್ತರಿಸಿದ್ದಾಯಿತು, ಫೋಟೋ ಆಯಿತು, ಪೇಪರಿನಲ್ಲಿ ಬಂತು. ಮರುದಿನದಿಂದ ಆ ಕೋಣೆಗೆ ಬೀಗ. ಬೋರ್ಡಿಗೆ ಹೂವಿನ ಚಿತ್ರದ ಹಳೆಯ ಬೆಡ್‌ಶೀಟಿನ ಮುಸುಕು. ಬೀಗದ ಕೈ ಹೆಡ್ ಮಾಸ್ಟರ ಮೇಜಿನಲ್ಲಿ. ಅವರನ್ನು ಬಯ್ಯುವುದು ಸುಲಭ. ಆದರೆ ಅವರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ: "ಮಕ್ಕಳು ಮುಟ್ಟಿ ಹಾಳಾದರೆ ಯಾರ ಸಂಬಳದಲ್ಲಿ ಹಿಡೀತಾರೆ ಮೇಷ್ಟ್ರೇ?" ಮುಟ್ಟಲೆಂದೇ ಮಾಡಿದ ಬೋರ್ಡು ಅದು. ಮುಟ್ಟಬಾರದು ಅನ್ನುವ ನಿಯಮದ ಮೇಲೆ ಅದು ಬದುಕಿತ್ತು. ಮೇಲಧಿಕಾರಿಗಳು ಬಂದ ದಿನ ಮುಸುಕು ತೆಗೆದು ಸೌರವ್ಯೂಹದ ವಿಡಿಯೋ ಹಾಕುತ್ತಿದ್ದೆವು. ಎಂಟು ಗ್ರಹಗಳು ಬಣ್ಣ ಬಣ್ಣವಾಗಿ, ಒಂದರ ಪಕ್ಕ ಒಂದು, ಸಂತೆಯಲ್ಲಿಟ್ಟ ಹಣ್ಣಿನ ಹಾಗೆ. ಹಿನ್ನೆಲೆಯಲ್ಲಿ ಸಂಗೀತ. ಮಕ್ಕಳು ಕೈಕಟ್ಟಿ ಕೂತು ನೋಡುತ್ತಿದ್ದರು.

ಇನ್ನೊಂದು ವರ್ಷ ಗಾಳಿ ತುಂಬಿಸಿದ ಗುಮ್ಮಟದ ಸಂಚಾರಿ ತಾರಾಲಯ ಬಂತು. ತಲೆಗೆ ಇಷ್ಟು ಅಂತ ದುಡ್ಡು. ಮಕ್ಕಳು ಒಬ್ಬರ ಹಿಂದೆ ಒಬ್ಬರು ಅಂಬೆಗಾಲಿಟ್ಟು ಒಳಗೆ ಹೋದರು, ಇಪ್ಪತ್ತು ನಿಮಿಷಕ್ಕೆ ಕಣ್ಣುಜ್ಜಿಕೊಂಡು ಹೊರಗೆ ಬಂದರು. "ಏನು ನೋಡಿದ್ರೋ?" ಅಂದೆ. "ಡೈನೋಸಾರ್, ಸಾರ್!" ಅಂದರು. ಉಲ್ಕೆ ಬಂದು ಬಡಿದು ಡೈನೋಸಾರ್ ಸತ್ತ ದೃಶ್ಯ. "ಇವತ್ತು ರಾತ್ರಿ ಚಂದ್ರ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ?" ಅಂದೆ. ಒಬ್ಬರೂ ಹೇಳಲಿಲ್ಲ. ನನಗೆ ಆ ಗುಮ್ಮಟದ ಮೇಲೆ ದ್ವೇಷವಿಲ್ಲ. ಜಾತ್ರೆಯಲ್ಲಿ ತೊಟ್ಟಿಲು ಬರುತ್ತದೆ, ಮಕ್ಕಳು ಕೂರುತ್ತಾರೆ, ಸಂತೋಷ. ಆದರೆ ತೊಟ್ಟಿಲಿನಲ್ಲಿ ಕೂರಿಸಿ 'ಭೂಮಿಯ ಚಲನೆ ಕಲಿಸಿದೆವು' ಅಂತ ವರದಿ ಬರೆಯಬಾರದು.

ವಿಡಿಯೋಗೂ ನಾನು ಹೇಳುತ್ತಿರುವ ತಂತ್ರಾಂಶಕ್ಕೂ ಇರುವ ವ್ಯತ್ಯಾಸ ಇದು: ವಿಡಿಯೋ ನೋಡುವ ಮಗು ತಪ್ಪು ಮಾಡಲಾರದು. ಎಲ್ಲವೂ ಮೊದಲೇ ತೀರ್ಮಾನವಾಗಿರುತ್ತದೆ, ಮಗು ಹೂಂ ಅನ್ನಬೇಕು ಅಷ್ಟೆ. ಮೌಸ್ ಹಿಡಿದ ಮಗು ಮೊದಲು ಒಂದು ಊಹೆ ಮಾಡಬಹುದು, ಆಮೇಲೆ ತಿರುಗಿಸಿ ನೋಡಬಹುದು, ತನ್ನ ಊಹೆ ಸುಳ್ಳಾಗಿದ್ದನ್ನು ತಾನೇ ಕಾಣಬಹುದು. ಕಲಿಯುವುದು ನಡೆಯುವುದು ಆ ಕ್ಷಣದಲ್ಲಿ. ಅದಕ್ಕೆ ದುಬಾರಿ ಬೋರ್ಡು ಬೇಕಿಲ್ಲ. ಒಂದು ಹಳೆಯ ಲ್ಯಾಪ್‌ಟಾಪ್ ಸಾಕು, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಕೂಡ ಬೇಡ.

ಒಂದು ಉದಾಹರಣೆ ಹೇಳುತ್ತೇನೆ. ಆ ಹುಡುಗಿಗೆ ನಾನು ಕೊಡಬೇಕಿದ್ದ ಉತ್ತರವನ್ನು ಈಗ ಪ್ರತಿ ವರ್ಷ ಬೇರೆ ಮಕ್ಕಳ ಮುಂದೆ ಇಡುತ್ತೇನೆ. ಮೊದಲು ಕೇಳುತ್ತೇನೆ: "ಆರಿದ್ರಾ ಮಳೆ ಅಂತೀರಲ್ಲ, ಆ ಹೊತ್ತಿಗೆ ರಾತ್ರಿ ಆರಿದ್ರಾ ನಕ್ಷತ್ರ ಎಲ್ಲಿ ಕಾಣುತ್ತೆ?" ಒಬ್ಬ ನೆತ್ತಿ ಮೇಲೆ ಅನ್ನುತ್ತಾನೆ, ಒಬ್ಬಳು ಪೂರ್ವದಲ್ಲಿ ಅನ್ನುತ್ತಾಳೆ. ಎಲ್ಲರ ಉತ್ತರವನ್ನೂ ಹೆಸರು ಸಮೇತ ಬೋರ್ಡಿನ ಮೇಲೆ ಬರೆಯುತ್ತೇನೆ. ಆಮೇಲೆ ಮೌಸ್ ಅವರ ಕೈಗೆ. ಜೂನ್ 22, ರಾತ್ರಿ ಎಂಟು ಗಂಟೆ: ಇಲ್ಲ. ಹನ್ನೆರಡು: ಇಲ್ಲ. ಬೆಳಗಿನ ಜಾವ ನಾಲ್ಕು: ಇಲ್ಲ. ಗಲಾಟೆ ಶುರುವಾಗುತ್ತದೆ. "ಹಗಲಲ್ಲಿ ಹುಡುಕಿ ನೋಡ್ರೋ" ಅನ್ನುತ್ತೇನೆ. ಮಧ್ಯಾಹ್ನ ಹನ್ನೆರಡೂವರೆಗೆ ನಿಲ್ಲಿಸಿ ವಾತಾವರಣವನ್ನು ತೆಗೆದುಹಾಕುವ ಗುಂಡಿ ಒತ್ತಿದರೆ ನೀಲಿ ಆಕಾಶ ಕಪ್ಪಾಗಿ ಹಗಲಲ್ಲೇ ನಕ್ಷತ್ರ ಮೂಡುತ್ತವೆ. ನೆತ್ತಿಗಿಂತ ತುಸು ಉತ್ತರಕ್ಕೆ ಸೂರ್ಯ. ನೆತ್ತಿಗಿಂತ ತುಸು ದಕ್ಷಿಣಕ್ಕೆ, ಅವನ ನೇರಕ್ಕೆ, ಕೆಂಪಗೆ ಆರಿದ್ರಾ.

"ಅಂದ್ರೆ ಆರಿದ್ರಾ ಮಳೇಲಿ ಆರಿದ್ರಾ ಕಾಣೋದೇ ಇಲ್ವಾ ಸಾರ್?"

ಕಾಣುವುದಿಲ್ಲ. ಸೂರ್ಯ ಯಾವ ನಕ್ಷತ್ರದ ನೆರೆಯಲ್ಲಿದ್ದಾನೋ ಅದರ ಹೆಸರೇ ಆ ಹದಿಮೂರು ಹದಿನಾಲ್ಕು ದಿನದ ಮಳೆಗೆ. ರೋಹಿಣಿ, ಮೃಗಶಿರಾ, ಆರಿದ್ರಾ, ಮಘಾ, ಚಿತ್ತಾ ಎಲ್ಲವನ್ನೂ ಮಕ್ಕಳೇ ತಿರುಗಿಸಿ ನೋಡುತ್ತಾರೆ. ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ಕಳೆದ ವರ್ಷ ಅದನ್ನು ಕೇಳಿದವನು ಮೂರನೇ ಬೆಂಚಿನ ಹುಡುಗ: "ಕಾಣದೇ ಇರೋ ನಕ್ಷತ್ರ ಅಲ್ಲೇ ಐತೆ ಅಂತ ಹಿಂದಿನವರಿಗೆ ಹೆಂಗೆ ಗೊತ್ತಾಯ್ತು ಸಾರ್?" ಸಂಜೆ ಸೂರ್ಯನ ಹಿಂದೆಯೇ ಮುಳುಗುವ ನಕ್ಷತ್ರ ಯಾವುದು, ಬೆಳಿಗ್ಗೆ ಸೂರ್ಯನಿಗೆ ಮುಂಚೆ ಹುಟ್ಟುವ ನಕ್ಷತ್ರ ಯಾವುದು, ಇವೆರಡರ ನಡುವೆ ಮರೆಯಾದದ್ದು ಯಾವುದು ಅಂತ ಅವನೇ ಅರ್ಧ ಗಂಟೆ ಮೌಸ್ ತಿರುಗಿಸಿ ಕಂಡುಕೊಂಡ. ಇದಕ್ಕಿಂತ ದೊಡ್ಡ ಬೆರಗು ಯಾವುದು, ನಮ್ಮ ಕವಿಗಳು ಹೇಳಲಿ.

'ನೋಡಿ, ಎಲ್ಲ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು' ಅಂತ ಎದೆ ಉಬ್ಬಿಸುವವರಿಗೂ ಒಂದು ಮಾತು. ಅದೇ ತಂತ್ರಾಂಶದಲ್ಲಿ 1500 ವರ್ಷ ಹಿಂದಕ್ಕೆ ಹೋಗಿ. ಸೂರ್ಯ ಆರಿದ್ರಾದ ನೇರಕ್ಕೆ ಬರುವುದು ಸುಮಾರು ಮೂರು ವಾರ ಮುಂಚೆ. ಭೂಮಿಯ ಅಕ್ಷ ಬುಗುರಿಯ ಹಾಗೆ ಮೆಲ್ಲಗೆ ತೊನೆಯುವುದರಿಂದ ನಕ್ಷತ್ರಕ್ಕೂ ಋತುವಿಗೂ ಇರುವ ನಂಟು ಸುಮಾರು 71 ವರ್ಷಕ್ಕೆ ಒಂದು ದಿನದಷ್ಟು ಜಾರುತ್ತದೆ. ಮಳೆಯ ಹೆಸರು ಉಳಿದಿದೆ, ಹೊತ್ತು ಸರಿದಿದೆ. ಅಜ್ಜಿಯ ಮಾತನ್ನು ಗೌರವಿಸುವುದು ಅಂದರೆ ಅದನ್ನು ಪರೀಕ್ಷೆಗೆ ಒಡ್ಡುವುದೂ ಹೌದು.

ತಂತ್ರಾಂಶ ಹೇಳಿದ್ದೆಲ್ಲ ನಿಜ ಅಂತ ನಾನು ಹೇಳುತ್ತಿಲ್ಲ. ಅದೂ ನನ್ನ ಮೊಟ್ಟೆಯ ಹಾಗೆ ಸುಳ್ಳು ಹೇಳಬಲ್ಲದು. ಗ್ರಹಗಳನ್ನು ಕಣ್ಣಿಗೆ ಕಾಣಲೆಂದು ಹಿಗ್ಗಿಸುತ್ತದೆ. ಉಪಗ್ರಹದ ಚಿತ್ರಗಳಲ್ಲಿ ಇಡೀ ಭೂಮಿ ಒಂದೇ ಹೊತ್ತಿನಲ್ಲಿ ಹಗಲಾಗಿರುತ್ತದೆ, ಎಲ್ಲೂ ಮೋಡವಿರುವುದಿಲ್ಲ. ನಮ್ಮೂರಿನ ಜುಲೈ ಕಂಡವರು ಅದನ್ನು ನಂಬಲು ಸಾಧ್ಯವೇ? ಬೇರೆ ಬೇರೆ ದಿನ ತೆಗೆದ ಚಿತ್ರಗಳನ್ನು ಹೊಲಿದು ಮಾಡಿದ ಕೌದಿ ಅದು. ಅದಕ್ಕೇ ನಾನು ಮಕ್ಕಳ ಕೈಗೆ ಮೊದಲು ಕೊಡುವುದು ಶಾಲೆಯ ಗ್ಲೋಬ್ ಮತ್ತು ಟೆನ್ನಿಸ್ ಚೆಂಡು. ನಮ್ಮ ಗ್ಲೋಬ್ 24 ಸೆಂಟಿಮೀಟರಿನದು. ಅದೇ ಅಳತೆಯಲ್ಲಿ ಟೆನ್ನಿಸ್ ಚೆಂಡು ಹೆಚ್ಚುಕಡಿಮೆ ಚಂದ್ರನಷ್ಟು ದಪ್ಪ. "ಎಷ್ಟು ದೂರ ಇಡ್ತೀರಿ?" ಅಂದರೆ ಗೇಣು ದೂರ ಇಡುತ್ತಾರೆ, ಒಂದು ಮಾರು ಇಡುತ್ತಾರೆ. ಇಡಬೇಕಾದದ್ದು ಏಳು ಮೀಟರಿಗಿಂತ ಸ್ವಲ್ಪ ಹೆಚ್ಚು. ಕೋಣೆ ಸಾಲದೆ ವರಾಂಡಕ್ಕೆ ಬರಬೇಕಾಗುತ್ತದೆ. ಸೂರ್ಯನನ್ನು ಇಡಲು 26 ಮೀಟರ್ ಅಗಲದ ಗೋಳವನ್ನು 2.8 ಕಿಲೋಮೀಟರ್ ದೂರಕ್ಕೆ ಒಯ್ಯಬೇಕು. ಇದನ್ನು ಕಂಡ ಮೇಲೆ ಅದೇ ಮಕ್ಕಳು ಯಾವ ವಿಡಿಯೋ ಹಾಕಿದರೂ "ಸಾರ್, ಇದು ಸುಳ್ಳು ಅಳತೆ" ಅನ್ನುತ್ತಾರೆ. ಅದನ್ನು ಕೇಳಲು ನಾನು ಮೇಷ್ಟ್ರಾಗಿದ್ದು.

ಇಷ್ಟರವರೆಗೆ ಯಾರಿಗೂ ತಕರಾರು ಇರಲಿಲ್ಲ. ತಕರಾರು ಬಂದದ್ದು ಆಕಾಶದಿಂದ ನೆಲಕ್ಕೆ ಇಳಿದಾಗ.

ಗೂಗಲ್ ಅರ್ಥ್‌ನಲ್ಲಿ ಒಂದೇ ಜಾಗದ ಹಳೆಯ ಚಿತ್ರಗಳನ್ನು ವರ್ಷವಾರು ಹಿಂದಕ್ಕೆ ಸರಿಸಿ ನೋಡಬಹುದು. ಜಲಚಕ್ರದ ಪಾಠಕ್ಕೆ ನಮ್ಮೂರಿನ ಕೆರೆಯನ್ನೇ ತೆಗೆದುಕೊಂಡೆ. ಹಳೆಯ ಚಿತ್ರದಲ್ಲಿ ಕೆರೆ ದೊಡ್ಡದು, ಹೊಸದರಲ್ಲಿ ಚಿಕ್ಕದು. "ಕೆರೆ ಬತ್ತಿದೆ" ಅಂತ ನಾನು ಅವಸರದಲ್ಲಿ ಅಂದೆ. ಒಬ್ಬಳು ತಡೆದಳು: "ಸಾರ್, ಅದು ನವೆಂಬರ್ ಚಿತ್ರ, ಇದು ಏಪ್ರಿಲ್‌ದು. ಹೆಂಗೆ ಹೋಲಿಸ್ತೀರಿ?" ನನ್ನ ಬಾಯಿ ಮುಚ್ಚಿತು, ಹೊಟ್ಟೆ ತುಂಬಿತು. ಒಂದೇ ಋತುವಿನ ಎರಡು ಚಿತ್ರ ಹುಡುಕಿದರು. ಆಗಲೂ ಕೆರೆಯ ಒಂದು ಅಂಚು ಒಳಕ್ಕೆ ಬಂದಿತ್ತು. ಅಲ್ಲಿ ಸಾಲು ಸಾಲು ಚುಕ್ಕೆ, ಅಡಿಕೆ ತೋಟ.

ತರಗತಿ ಸುಮ್ಮನಾಯಿತು. ಆ ತೋಟ ಯಾರದು ಅಂತ ಎಲ್ಲರಿಗೂ ಗೊತ್ತಿತ್ತು. ಅವರ ಮಗ ಅಲ್ಲೇ ಕೂತಿದ್ದ.

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಮರುದಿನ ಆ ಹುಡುಗನೇ ಬಂದ. "ಸಾರ್, ಅದು ನಮ್ಮ ಜಮೀನೇ ಅಂತೆ, ಪಹಣಿ ಐತಂತೆ. ಅಳತೆ ಮಾಡಿ ನೋಡೋಣ ಸಾರ್" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜ ತಿಳಿಯುವ ಹಟ ಇತ್ತು. ಸಹೋದ್ಯೋಗಿಯೊಬ್ಬರು ಸಂಜೆ ಚಹಾ ಕುಡಿಯುವಾಗ ಮೆಲ್ಲಗೆ ಹೇಳಿದರು: "ಆಕಾಶ ತೋರಿಸಿ ಸಾರ್, ಯಾರು ಬೇಡ ಅಂತಾರೆ? ನೆಲ ಯಾಕೆ ತೋರಿಸ್ತೀರಿ?" ಆ ಅಳತೆಯನ್ನು ನಾನು ಮಾಡಿಸಲಿಲ್ಲ. ವರ್ಗಾವಣೆಯ ಹೆದರಿಕೆ ಇತ್ತು, ಊರಿನ ದಾಕ್ಷಿಣ್ಯ ಇತ್ತು. ಮೊದಲ ಹುಡುಗಿಗೆ ಅಜ್ಞಾನದಿಂದ ಮೋಸ ಮಾಡಿದ್ದೆ, ಈ ಹುಡುಗನಿಗೆ ತಿಳಿದೂ ಮಾಡಿದೆ. ಅದನ್ನು ಇಲ್ಲಿ ಬರೆದು ಹಗುರವಾಗುವ ಆಸೆ ನನಗಿಲ್ಲ. ಒಂದು ವಿಷಯ ಗೊತ್ತಾಯಿತು ಅಂತ ಹೇಳಲು ಬರೆಯುತ್ತಿದ್ದೇನೆ: ಬೀಗದ ಕೈ ಮೇಜಿನಲ್ಲಿರುವುದು ಬೋರ್ಡು ಹಾಳಾದೀತು ಅಂತ ಮಾತ್ರವಲ್ಲ. ಮಗು ತಾನೇ ತಿರುಗಿಸಿ ನೋಡಲು ಶುರು ಮಾಡಿದರೆ ಎಲ್ಲಿ ನಿಲ್ಲುತ್ತದೆ ಅಂತ ಯಾರಿಗೂ ಹೇಳಲು ಬರುವುದಿಲ್ಲ. ವಿಡಿಯೋಗೆ ಆ ಅಪಾಯ ಇಲ್ಲ. ಅದಕ್ಕೇ ಎಲ್ಲರಿಗೂ ವಿಡಿಯೋ ಇಷ್ಟ.

ಸಾಹಿತ್ಯ ಓದುವವರಿಗೆ ಇದೆಲ್ಲ ಯಾಕೆ ಅಂತ ಕೇಳಬಹುದು. ಕನ್ನಡದಲ್ಲಿ ಈ ಪ್ರಶ್ನೆಯೇ ವಿಚಿತ್ರ. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ಬರೆದರು, ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ' ಬರೆದರು. ಅದು ಕಾದಂಬರಿಕಾರನ ಕೆಲಸವಲ್ಲ ಅಂತ ಅವರು ಅಂದುಕೊಳ್ಳಲಿಲ್ಲ. ಇವತ್ತು ಈ ತಂತ್ರಾಂಶಗಳ ಜೊತೆ ಬರುವ ಪಾಠಗಳು ಹೆಚ್ಚಾಗಿ ಇಂಗ್ಲಿಷಿನವು. ಅವುಗಳಲ್ಲಿ ನಾಲ್ಕು ಋತು, ಹಿಮ, ಎಲೆ ಉದುರುವ ಶರತ್ಕಾಲ. ನಮ್ಮ ಮೂರು ಕಾಲ, ನಮ್ಮ ಮಳೆ ನಕ್ಷತ್ರ, ದಕ್ಷಿಣಕ್ಕೆ ಬೀಳುವ ನಮ್ಮ ಜೂನ್ ನೆರಳು ಅವುಗಳಲ್ಲಿಲ್ಲ. ಅವನ್ನು ಅನುವಾದ ಮಾಡಿದರೆ ನಾನು ಆ ಹುಡುಗಿಗೆ ಮಾಡಿದ್ದನ್ನೇ ಸಾವಿರಾರು ಮಕ್ಕಳಿಗೆ ಮಾಡಿದ ಹಾಗಾಗುತ್ತದೆ. ಬೀದರಿನ ಮಗುವಿಗೆ ಸೂರ್ಯ ನೆತ್ತಿಗೆ ಬರುವುದು ಮೇ ಎರಡನೇ ವಾರದಲ್ಲಿ, ಬೆಂಗಳೂರಿನ ಮಗುವಿಗೆ ಏಪ್ರಿಲ್ 24ರ ಸುಮಾರಿಗೆ. ಇದನ್ನು ಇಟ್ಟುಕೊಂಡು ಕನ್ನಡದಲ್ಲಿ ಹೊಸದಾಗಿ ಪಾಠ ಬರೆಯುವವರು ಬೇಕು. ಭಾಷೆ ಬಲ್ಲವರು ಚಂದ್ರ ಕಳೆದುಹೋದ ಅಂತ ಅಳುತ್ತಾ ಕೂತರೆ ಆ ಕೆಲಸ ಯಾರು ಮಾಡಬೇಕು?

ಕೊನೆಗೆ ಹೋದ ಆಗಸ್ಟ್ 15ರ ಸಂಗತಿ. ಹಿಂದಿನ ವಾರವೇ ಮಕ್ಕಳು ಕಂಪ್ಯೂಟರಿನಲ್ಲಿ ನೋಡಿಟ್ಟಿದ್ದರು: ಸ್ವಾತಂತ್ರ್ಯೋತ್ಸವದ ದಿನ ಮಧ್ಯಾಹ್ನ ಹನ್ನೆರಡೂವರೆ ದಾಟುವಾಗ ನಮ್ಮ ಧ್ವಜಸ್ತಂಭದ ನೆರಳು ಅದರ ಬುಡದಲ್ಲೇ ಅಡಗಬೇಕು. ಭಾಷಣ ಮುಗಿದು, ಸಿಹಿ ಹಂಚಿದ ಮೇಲೂ ಹದಿನೈದು ಮಕ್ಕಳು ಮನೆಗೆ ಹೋಗದೆ ಕಂಬದ ಸುತ್ತ ನಿಂತರು. ಸೂರ್ಯ ಬರಲಿಲ್ಲ. ಒಂದೂವರೆವರೆಗೆ ಕಾದೆವು. ಬರೀ ಮೋಡ. ಒಬ್ಬ ಹುಡುಗ ಬೇಜಾರಿನಲ್ಲಿ ಅಂದ: "ಕಂಪ್ಯೂಟರ್‌ನಲ್ಲಿ ಮೋಡ ಇರ್ಲಿಲ್ಲ ಸಾರ್." ನಾನು ಹೇಳಬಹುದಾಗಿದ್ದ ಎಲ್ಲ ಎಚ್ಚರಿಕೆಗಿಂತ ಚೆನ್ನಾಗಿ ಹೇಳಿದ.

ಮುಂದಿನ ಅವಕಾಶ ಏಪ್ರಿಲ್ 27, ಬೇಸಿಗೆ ರಜ. ನಾನು ಮರೆತೇಬಿಟ್ಟಿದ್ದೆ. ಆ ದಿನ ಮಧ್ಯಾಹ್ನ ನನ್ನ ಫೋನಿಗೆ ಒಂದು ಚಿತ್ರ ಬಂತು, ಅವನಪ್ಪನ ನಂಬರಿನಿಂದ. ಸಗಣಿ ಸಾರಿಸಿದ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಒನಕೆ. ಸುತ್ತ ಎಲ್ಲೂ ನೆರಳಿಲ್ಲ. ಚಿತ್ರದ ಕೆಳಗೆ ಒಂದೇ ಸಾಲು: ಮೋಡ ಇರ್ಲಿಲ್ಲ ಸಾರ್.

ಪರದೆಯಲ್ಲಿ ಕಂಡದ್ದನ್ನು ಎಂಟು ತಿಂಗಳು ನೆನಪಿಟ್ಟುಕೊಂಡು ಅಂಗಳಕ್ಕೆ ಬಂದ ಹುಡುಗ ಅವನು. ಪರದೆ ಅವನಿಂದ ಆಕಾಶವನ್ನು ಕಿತ್ತುಕೊಂಡಿತೇ?

ಇದನ್ನು ಓದುತ್ತಿರುವ ನೀವು ಮುಂದಿನ ಸಲ ಊರಿಗೆ ಹೋದಾಗ ನೀವು ಓದಿದ ಶಾಲೆಗೆ ಒಮ್ಮೆ ಹೋಗಿ. ಸ್ಮಾರ್ಟ್ ಬೋರ್ಡ್ ಇದೆಯಾ ಅಂತ ಕೇಳಬೇಡಿ, ಇರಬಹುದು. ಆ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿ. ತೆಗೆಸಿ. ಅರ್ಧ ದಿನ ಅಲ್ಲಿ ಕೂತು, ಮಕ್ಕಳ ಕೈಗೆ ಮೌಸ್ ಕೊಡಿ. ಮಾತಾಡಬೇಡಿ. ಅವರು ಏನಾದರೂ ಕೇಳಿ, ನಿಮಗೆ ಉತ್ತರ ಗೊತ್ತಿಲ್ಲದಿದ್ದರೆ, ಗೊತ್ತಿಲ್ಲ ಅಂತ ಹೇಳಿ. ನಾನು ಹೇಳಬೇಕಿದ್ದದ್ದು ಅಷ್ಟೇ.